ಬೆನ್ನ ಹಿಂದೆ ಏನಿರಲಿ?

"ಮಾವ, ನಿಮ್ಮ ಕ್ಯಾಮೆರಾ ಶನಿವಾರ ಫ್ರೀ ಉಂಟಾ?"

ತಂಗಿಯ ಮಗಳ ಫೋನು. ಕ್ಯಾಮೆರಾ ಫ್ರೀ ಉಂಟಾ ಅಂತ ಕೇಳಿದಳೇ ಹೊರತು ಮಾವನ ವಿಚಾರ ಎತ್ತಲಿಲ್ಲ. ಘಾಟ್ಕೋಪರ್‌ನಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಾಳೆ. ಊರಿನ ಎಸ್ಸೆಸ್ಸೆಲ್ಸಿ ಇಲ್ಲಿ ಬರೀ ಎಸ್ಸೆಸ್ಸಿ, ಒಂದು ‘ಎಲ್’ ಕಡಿಮೆ. ಆ ಎಲ್ ಅಂದರೆ ಲೀವಿಂಗ್, ಶಾಲೆ ಬಿಡುವುದು. ಮಹಾರಾಷ್ಟ್ರ ಬೋರ್ಡಿನವರು ಅದನ್ನು ಸರ್ಟಿಫಿಕೇಟಿನಿಂದ ಕೈಬಿಟ್ಟಿದ್ದಾರೆ, ಮಕ್ಕಳು ಮಾತ್ರ ಶಾಲೆ ಬಿಟ್ಟೇ ಬಿಡುತ್ತಾರೆ. ಬಿಡುವ ಮುಂಚೆ ಫೇರ್‌ವೆಲ್. ಫೇರ್‌ವೆಲ್‌ಗೆ ಅಮ್ಮನ ಸೀರೆ, ಹುಡುಗರಿಗಾದರೆ ಅಣ್ಣನ ಬ್ಲೇಝರ್. ಸೀರೆ ಉಟ್ಟ ಮೇಲೆ ಫೋಟೋ. ಅದು ಎಲ್ಲಿ ಎಂಬುದರ ಬಗ್ಗೆ ಅವಳೂ ಸೇರಿ ಐದು ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಯುದ್ಧ ನಡೆದಿತ್ತು. ಒಬ್ಬಳಿಗೆ ಮರೀನ್ ಡ್ರೈವೇ ಆಗಬೇಕು. ಇನ್ನೊಬ್ಬಳಿಗೆ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್, ಅದೃಷ್ಟವಿದ್ದರೆ ಶಾರುಖ್ ಖಾನನ ಮನೆಯ ಗೇಟೂ ಸಿಗುತ್ತದೆ. ಮೂರನೆಯವಳಿಗೆ ಗೋಡೆಗೆಲ್ಲ ಪ್ಲಾಸ್ಟಿಕ್ ಹೂವು ಅಂಟಿಸಿದ ಯಾವುದೋ ಕೆಫೆ. ಉಳಿದಿಬ್ಬರು ಎಲ್ಲಿಗಾದರೂ ಸೈ, ಸಂಜೆ ಏಳರೊಳಗೆ ಮನೆ ಸೇರಬೇಕು.

"ನೀವೇ ಹೇಳಿ, ಯಾವ ಜಾಗ ಒಳ್ಳೆಯದು?" ಎಂದಳು. ಹೇಳುವುದು ಸುಲಭವಿತ್ತು, ಆದರೆ ಅಷ್ಟರಲ್ಲಿ ನನಗೆ ಬೇರೆಯೇ ಒಂದು ಫೋಟೋ ನೆನಪಾಗಿ ತಡವರಿಸಿದೆ. ಆ ಫೋಟೋದ ಕತೆ ಮುಂದೆ ಹೇಳುತ್ತೇನೆ.

ಶಾಲೆ ಮುಗಿಸುವ ವರ್ಷದ ಫೋಟೋ ಅಮೆರಿಕದಲ್ಲಿ ಒಂದು ದೊಡ್ಡ ಸಂಪ್ರದಾಯ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಬೋಸ್ಟನ್ ಕಡೆಯ ಜಾರ್ಜ್ ವಾರನ್ ಎಂಬ ಫೋಟೋಗ್ರಾಫರ್ ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಕೊನೆಯ ವರ್ಷದ ಹುಡುಗರ ಮುಖಗಳನ್ನು ಒಂದೊಂದಾಗಿ ತೆಗೆದು ಆಲ್ಬಮ್ ಕಟ್ಟಿಕೊಡುತ್ತಿದ್ದ. ಅದೇ ಪದ್ಧತಿ ಹೈಸ್ಕೂಲಿಗೂ ಇಳಿಯಿತು. ಈಗ ಅಲ್ಲಿ ಶಾಲೆ ಗೊತ್ತುಮಾಡಿದ ಸ್ಟುಡಿಯೋದಲ್ಲಿ ಒಂದು ಫೋಟೋ ಆದ ಮೇಲೆ ಮನೆಯವರೇ ಬೇರೆ ಫೋಟೋಗ್ರಾಫರನ್ನು ಹಿಡಿದು ಹೊರಗೆ ಇನ್ನೊಂದು ಸುತ್ತು ತೆಗೆಸುತ್ತಾರೆ. ಅಜ್ಜನ ಜಮೀನು, ಫುಟ್‌ಬಾಲ್ ಮೈದಾನ, ಊರ ಕೆರೆ, ಹಳೆಯ ಪಿಕಪ್ ಟ್ರಕ್ಕು, ಹೀಗೆ. ನ್ಯೂಜೆರ್ಸಿಯಲ್ಲಿರುವ ನನ್ನ ದೊಡ್ಡಪ್ಪನ ಮೊಮ್ಮಗಳು ಹೋದ ವರ್ಷ ಟೆನ್ನಿಸ್ ಕೋರ್ಟಿನಲ್ಲಿ ತೆಗೆಸಿಕೊಂಡಳು. ಕಾಲಿಗೆ ಅದೇ ಸವೆದ ಶೂ, ಮೈಮೇಲೆ ಕಾಂಜೀವರಂ. ನಾಲ್ಕು ವರ್ಷ ಅಲ್ಲೇ ಬೆವರು ಹರಿಸಿದ್ದಾಳೆ, ಬೇರೆ ಎಲ್ಲಿ ಹೋಗಿ ನಿಲ್ಲಬೇಕು?

ನಮಗೆ ಆ ಅಭ್ಯಾಸ ಇರಲಿಲ್ಲ. ಇದ್ದದ್ದು ಗ್ರೂಪ್ ಫೋಟೋ. ಮೂರು ಸಾಲು, ನಡುವೆ ಹೆಡ್‌ಮಾಸ್ತರು, ಅವರ ಕಾಲಬುಡದಲ್ಲಿ ಸ್ಲೇಟು. ನನ್ನ ಹತ್ತನೆಯ ಫೋಟೋ ತೆಗೆದದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಶಾಲೆಯ ಸಿಮೆಂಟಿನ ಅಂಗಳದಲ್ಲಿ. ನೆತ್ತಿಯ ಮೇಲೆ ಸೂರ್ಯ. ನಲವತ್ತೆರಡು ಜನರೂ ಕಣ್ಣು ಕಿರಿದು ಮಾಡಿ, ಯಾರದೋ ಸಾಲ ವಸೂಲಿಗೆ ಹೊರಟವರ ಹಾಗೆ ನಿಂತಿದ್ದೇವೆ. ನಾನು ಎರಡನೇ ಸಾಲಿನಲ್ಲಿದ್ದೇನೆ ಎಂಬುದಕ್ಕೆ ಸಾಕ್ಷಿ ನನ್ನ ಎಡಗಿವಿ. ಉಳಿದದ್ದನ್ನು ಮುಂದಿನವನ ತಲೆ ನುಂಗಿದೆ. ಅಂಥದ್ದಕ್ಕೂ ದುಡ್ಡು ಕೊಟ್ಟು ಪ್ರತಿ ತೆಗೆದುಕೊಂಡಿದ್ದೆ.

ಇನ್ನು ಫೋನಿನ ಹೊತ್ತಿಗೆ ನೆನಪಾದ ಆ ಫೋಟೋ. ಎಂಬತ್ತು ದಾಟಿದ ಹಿರಿಯರೊಬ್ಬರ ಮನೆಯಲ್ಲಿ ಕಂಡದ್ದು. ಉಡುಪಿ ಕಡೆಯಿಂದ ಹದಿಮೂರಕ್ಕೆ ಬೊಂಬಾಯಿಗೆ ಬಂದವರು. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಈ ರಾತ್ರಿ ಶಾಲೆಗಳದ್ದು ದೊಡ್ಡ ಅಧ್ಯಾಯ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಹೈಸ್ಕೂಲಿನವರೆಗೆ, ಕಪ್ಪು ಬಸಿ ತೊಳೆಯುವ ಕೈಗೆ ಪೆನ್ಸಿಲ್ ಕೊಟ್ಟ ಸಂಸ್ಥೆಗಳು ಒಂದೆರಡಲ್ಲ. ಸ್ವಂತ ಕಟ್ಟಡ ಇದ್ದವು ಕಡಿಮೆ. ಹಗಲು ಬೇರೆ ಶಾಲೆ ನಡೆಯುವ ಕೋಣೆಗಳಲ್ಲೇ ಸಂಜೆ ಇವರ ಪಾಠ.

ಇದರಲ್ಲಿ ಫೋಟೋದವನಿಗೆ ಒಂದು ಪೇಚು ಉಂಟು. ಫೋಟೋಗೆ ಬೆಳಕು ಬೇಕು, ಬೆಳಕಿರುವಾಗ ಹುಡುಗರು ಹೋಟೆಲಿನಲ್ಲಿ. ಕೊನೆಗೆ ಒಂದು ಭಾನುವಾರ, ಊಟದ ಗಿರಾಕಿ ಕರಗಿ ಸಂಜೆಯ ತಿಂಡಿಯವರು ಬರುವುದರೊಳಗೆ, ಮೂರರಿಂದ ನಾಲ್ಕರ ನಡುವೆ ತೆಗೆಸಿದ್ದಂತೆ. ಮೂವತ್ತು ಜನರಲ್ಲಿ ಬಂದವರು ಇಪ್ಪತ್ತೆರಡು. ಉಳಿದವರಿಗೆ ಧಣಿಗಳು ಬಿಡಲಿಲ್ಲ. ಬೆನ್ನ ಹಿಂದಿನ ಬೋರ್ಡು ಹಗಲಿನ ಶಾಲೆಯದು. ಅದರ ಮೇಲೊಂದು ಬೈರಾಸು ಇಳಿಬಿಟ್ಟು ಮುಚ್ಚಿದ್ದಾರೆ, ತಮ್ಮ ಶಾಲೆಯ ಹೆಸರನ್ನು ಸ್ಲೇಟಿನಲ್ಲಿ ಬರೆದು ಹಿಡಿದಿದ್ದಾರೆ.

ಅದೇ ತಿಂಗಳು ಅವರು ಒಬ್ಬರೇ ಒಂದು ಸ್ಟುಡಿಯೋಗೂ ಹೋಗಿದ್ದರು. ಸ್ಟುಡಿಯೋ ಅಂದರೆ ಬ್ಯಾಲಾರ್ಡ್ ಎಸ್ಟೇಟಿನಲ್ಲಿ 1928ರಿಂದ ಇರುವ ಹ್ಯಾಮಿಲ್ಟನ್‌ನಂಥ ಸಾಹೇಬರ ಸ್ಟುಡಿಯೋ ಅಲ್ಲ. ಬೀದಿಗೊಂದು ಇರುತ್ತಿದ್ದ, ಒಳಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಬಂದವರಿಗೆಲ್ಲ ಆಗುವ ಒಂದೇ ಒಂದು ಕೋಟು ಇಟ್ಟುಕೊಂಡ ಸ್ಟುಡಿಯೋ. ಹಿಂದೆ ಬಣ್ಣದ ಪರದೆ, ಅದರಲ್ಲಿ ಕೊಳ, ಕೊಳದಲ್ಲಿ ಎರಡು ಹಂಸ, ಆಚೆ ದಡದಲ್ಲಿ ಬಂಗಲೆ. ಸೊಂಟದ ಮೇಲೆ ಕೋಟು ಟೈ, ಸೊಂಟದ ಕೆಳಗೆ ಹೋಟೆಲಿನ ಅರ್ಧ ಚಡ್ಡಿ. ಫೋಟೋದಲ್ಲಿ ಸೊಂಟದ ಕೆಳಗಿನದು ಇಲ್ಲ. ಪ್ರತಿಯನ್ನು ಲಕೋಟೆಗೆ ಹಾಕಿ ಊರಿಗೆ ಕಳಿಸಿದರು. ಬರೆಯಲು ಬಾರದ ತಾಯಿ ಯಾರ ಕೈಯಲ್ಲೋ ಬರೆಸಿದ ಉತ್ತರ ಬಂತು. ಫೋಟೋ ಚೆನ್ನಾಗಿದೆ, ಮೈ ಕೈ ತುಂಬಿಕೊಂಡಿದ್ದೀಯ, ಅದಿರಲಿ, ಆ ಕೆರೆ ಬೊಂಬಾಯಿಯಲ್ಲಿ ಎಲ್ಲಿ ಉಂಟು?

ಈಗ ಅವರ ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿ ತೂಗಿಸಿರುವುದು ಹಂಸದ ಫೋಟೋ. ರಾತ್ರಿ ಶಾಲೆಯದ್ದು ಕಪಾಟಿನೊಳಗೆ. ಆದರೆ ಮನೆಗೆ ಯಾರಾದರೂ ಬಂದರೆ ಕಪಾಟಿನದೇ ಹೊರಗೆ ಬರುತ್ತದೆ. ನನಗೂ ತೋರಿಸಿದರು. ತೋರಿಸುವಾಗ ಬೆರಳು ಮುಖಗಳ ಮೇಲೆ ಹೋಗಲೇ ಇಲ್ಲ, ನೇರ ಎಡ ಮೂಲೆಗೆ ಹೋಯಿತು. ಅಲ್ಲಿ ಗೋಡೆಗೆ ಒಂದು ನಳ್ಳಿ, ಅರ್ಧ ಮಾತ್ರ ಫೋಟೋದೊಳಗೆ ಬಂದದ್ದು. "ನೋಡಿ, ಈ ನಳ್ಳಿಯಲ್ಲೇ ನಾವೆಲ್ಲ ಮುಖ ತೊಳೆಯುತ್ತಿದ್ದದ್ದು. ಎಣ್ಣೆ ವಾಸನೆ ಹೋಗದೆ ಕ್ಲಾಸಿಗೆ ಕೂತರೆ ಮಾಸ್ಟ್ರಿಗೆ ಆಗುತ್ತಿರಲಿಲ್ಲ."

ಫೋಟೋ ತೆಗೆದವನು ಆ ನಳ್ಳಿಯನ್ನು ಕಂಡೇ ಇರಲಿಕ್ಕಿಲ್ಲ. ಕಂಡಿದ್ದರೆ ಎರಡು ಹೆಜ್ಜೆ ಬಲಕ್ಕೆ ಸರಿದು ಅದನ್ನು ಹೊರಗೆ ಹಾಕುತ್ತಿದ್ದ.

ಹಾಗಂತ ಸ್ಟುಡಿಯೋದ ಪರದೆಯನ್ನು ನಾನು ಹೀಗಳೆಯುವುದಿಲ್ಲ. ಅದು ತಾಯಿಗೆ ಕಳಿಸಿದ ಫೋಟೋ. ನಾನು ಸುಖವಾಗಿದ್ದೇನೆ ಎಂದು ಹೇಳುವುದೇ ಅದರ ಕೆಲಸ, ಅದಕ್ಕೆ ಹಂಸವೇ ಸರಿ, ನಳ್ಳಿ ಅಲ್ಲ. ಮರೀನ್ ಡ್ರೈವಿನಲ್ಲಿ ಇವತ್ತು ಹತ್ತನೆಯ ಮಕ್ಕಳು ತೆಗೆಸಿಕೊಳ್ಳುವುದೂ ಅದೇ ಜಾತಿಯದು. ತಾಯಿಯ ಬದಲು ಇನ್‌ಸ್ಟಾಗ್ರಾಂ ಇದೆ ಅಷ್ಟೆ. ಇನ್ನು ಗೇಟ್‌ವೇ ಆಫ್ ಇಂಡಿಯಾವನ್ನು ನೋಡಿ. ಐದನೇ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಬಂದಿಳಿದಾಗ ಅಲ್ಲಿ ಕಲ್ಲಿನ ಕಮಾನು ಇರಲೇ ಇಲ್ಲ, ಇದ್ದದ್ದು ರಟ್ಟಿನ ಒಂದು ಮಾದರಿ. ವಿಟ್ಟೆಟ್ ಎಂಬ ವಾಸ್ತುಶಿಲ್ಪಿಯ ಕಲ್ಲಿನ ಗೇಟ್‌ವೇ ಮುಗಿದದ್ದು 1924ರಲ್ಲಿ. ಅಂದರೆ ಈ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಫೋಟೋಕ್ಕೆ ಸಿಕ್ಕಿದ ಕಟ್ಟಡವೂ ಮೊದಲು ಹುಟ್ಟಿದ್ದು ಪರದೆಯಾಗಿಯೇ. ಅದರ ಎದುರು ಕೊರಳಿಗೆ ಕ್ಯಾಮೆರಾ, ಬಗಲಿಗೆ ಪ್ರಿಂಟರಿನ ಚೀಲ ಹಾಕಿಕೊಂಡು ‘ಅರ್ಜೆಂಟ್ ಫೋಟೋ’ ಅಂತ ಕೂಗುವವರು ಇಂದಿಗೂ ಇದ್ದಾರೆ. ತಾಜ್ ಹೋಟೆಲಿನ ಗುಮ್ಮಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ ಹಾಗೆ ನಿಲ್ಲಿಸಿ ತೆಗೆಯುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಬಂದ ಮೇಲೂ ಅವರ ಹೊಟ್ಟೆಪಾಡು ನಡೆಯುತ್ತಿದೆ ಎಂದರೆ ಕೈಗೆ ಸಿಗುವ ಕಾಗದಕ್ಕೆ ಇನ್ನೂ ಬೆಲೆ ಇದೆ ಎಂದಾಯಿತು.

ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಹೇಳಿದರೆ ಕ್ಯಾಮೆರಾ ಮಾತ್ರ ಕೊಟ್ಟು ಕಳಿಸಿ ಎನ್ನುತ್ತಿದ್ದಳು. ಹೇಳಿದ್ದು ಬೆಳಕಿನ ವಿಷಯ. ಮುಂಬಯಿಯಲ್ಲಿ ಫೋಟೋದ ಜಾಗ ಆರಿಸುವವರು ಮೊದಲು ಸೂರ್ಯ ಎಲ್ಲಿರುತ್ತಾನೆಂದು ನೋಡಬೇಕು. ಜಾಗದ ಹೆಸರು ಆಮೇಲೆ.

ಮರೀನ್ ಡ್ರೈವಿನ ಕಡಲು ಪಶ್ಚಿಮಕ್ಕೆ. ಎಲ್ಲರೂ ಹೋಗುವುದು ಸಂಜೆ. ಕಡಲಿಗೆ ಬೆನ್ನು ಹಾಕಿ ನಿಂತರೆ ಮುಳುಗುವ ಸೂರ್ಯ ಬೆನ್ನ ಹಿಂದೆ, ಮುಖ ಇದ್ದಿಲು. ಮುಖ ಕಾಣಲಿ ಅಂತ ಬೆಳಕು ಏರಿಸಿದರೆ ಆಕಾಶ ಬೆಳ್ಳಗೆ ಸುಟ್ಟು ಹೋಗುತ್ತದೆ. ಯಾವ ಕೇಸರಿ ಆಕಾಶಕ್ಕಾಗಿ ಹೋದೆವೋ ಅದೇ ಇಲ್ಲ. ಜೊತೆಗೆ ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ. ಮೊದಲ ಬಾರಿ ಸೀರೆ ಉಟ್ಟ ಹುಡುಗಿ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕೂದಲು ಹಿಡಿದುಕೊಂಡರೆ ನಗುವುದು ಯಾವುದರಲ್ಲಿ? ಅದೇ ಜಾಗಕ್ಕೆ ಬೆಳಿಗ್ಗೆ ಹೋಗಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳೂಕಾಲರ ಹತ್ತಿರ. ಪೂರ್ವಕ್ಕಿರುವ ಕಟ್ಟಡಗಳ ಸಾಲು ಅವನನ್ನು ಇನ್ನೊಂದಿಷ್ಟು ಹೊತ್ತು ತಡೆಹಿಡಿಯುತ್ತದೆ. ಆ ನೆರಳಿನಲ್ಲಿ ಮುಖದ ಮೇಲೆ ಬೀಳುವ ಬೆಳಕು ಹಾಲಿನಷ್ಟು ಮೆತ್ತಗೆ. ಗಾಳಿಯೂ ಸುಮ್ಮನಿರುತ್ತದೆ.

ಗೇಟ್‌ವೇ ಇದಕ್ಕೆ ಉಲ್ಟಾ. ಅದರ ಆಚೆಯ ಕಡಲು ಪೂರ್ವದ ಬಂದರು. ತಾಜ್‌ಗೆ ಬೆನ್ನು ಮಾಡಿ ಫೋಟೋ ತೆಗೆಯುವವನ ಕಣ್ಣಿಗೆ ಬೆಳಿಗ್ಗೆ ಸೂರ್ಯ ನೇರ ಹೊಡೆಯುತ್ತಾನೆ. ಮಧ್ಯಾಹ್ನ ಮೂರರ ನಂತರ ಕಮಾನಿನ ಹಳದಿ ಕಲ್ಲಿಗೂ ಮಕ್ಕಳ ಮುಖಕ್ಕೂ ಚೆನ್ನಾದ ಬಿಸಿಲು, ತಾಜ್‌ನ ನೆರಳು ಬಂದು ನುಂಗುವವರೆಗೆ. ವಾಸ್ತುಶಿಲ್ಪಿ ಸ್ಟೀವನ್ಸ್ ಕಟ್ಟಿದ ಸಿಎಸ್‌ಎಂಟಿ ನಿಲ್ದಾಣದ ಮುಖವೂ ಮಧ್ಯಾಹ್ನದ ನಂತರವೇ ಬೆಳಗುವುದು. ಹಾರ್ನಿಮನ್ ಸರ್ಕಲಿನ ಟೌನ್‌ಹಾಲ್, ಎಂದರೆ ಏಷಿಯಾಟಿಕ್ ಸೊಸೈಟಿಯ ಕಟ್ಟಡ, 1833ರದ್ದು. ಅದರ ಎದುರಿನ ಮೂವತ್ತು ಮೆಟ್ಟಿಲುಗಳು ದೇವರೇ ಗ್ರೂಪ್ ಫೋಟೋಕ್ಕಾಗಿ ಮಾಡಿಸಿದಂತಿವೆ. ಬೆಂಚು ತರಿಸುವ ಗೋಜಿಲ್ಲ, ಯಾರ ತಲೆಯೂ ಯಾರನ್ನೂ ನುಂಗುವುದಿಲ್ಲ. ನನ್ನ ಎಡಗಿವಿಯ ಆಣೆ. ಆದರೆ ಭಾನುವಾರ ಬೆಳಿಗ್ಗೆ ಹೋದರೆ ಮೆಟ್ಟಿಲಿಗೊಂದು ಮದುವೆಯ ಜೋಡಿ ನಿಂತಿರುತ್ತದೆ.

ವಡಾಲಾ, ಮಾಟುಂಗ ಕಡೆಯ ಮಕ್ಕಳಿಗೆ ದೂರ ಹೋಗುವ ಅಗತ್ಯವೇ ಇಲ್ಲ. ಫೈವ್ ಗಾರ್ಡನ್ಸಿನ ಮರಗಳ ಕೆಳಗೆ ಇಡೀ ದಿನ ಫೋಟೋದ ಬೆಳಕೇ. ಬೊರಿವಿಲಿಯವರಿಗೆ ನ್ಯಾಷನಲ್ ಪಾರ್ಕು, ಅದರೊಳಗೆ ಕನ್ಹೇರಿ ಗುಹೆಗಳು. ಸೋಮವಾರ ಮಾತ್ರ ಬಾಗಿಲು ಮುಚ್ಚಿರುತ್ತದೆ. ಕನ್ಹೇರಿ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ. ಕೈಯಲ್ಲಿ ಹಿಡಿದು ತೆಗೆದರೆ ಕೇಳುವವರಿಲ್ಲ, ಟ್ರೈಪಾಡ್ ನಿಲ್ಲಿಸಬೇಕಾದರೆ ಮೊದಲೇ ಅನುಮತಿ ಬೇಕು. ಈ ಊರಿನಲ್ಲಿ ಎಲ್ಲ ಕಡೆಯೂ ಇದೇ ಕತೆ. ಮೂರು ಕಾಲಿನ ಸ್ಟ್ಯಾಂಡು ಕಂಡೊಡನೆ ವಾಚ್‌ಮನ್ನಿನ ಬಾಯಿಗೆ ಸೀಟಿ ಬರುತ್ತದೆ. ಒಂದು ಉದ್ಯಾನದಲ್ಲಿ ನನ್ನನ್ನು ಸಿನಿಮಾದವನೆಂದು ಹಿಡಿದು ಅರ್ಧ ಗಂಟೆ ಕೂರಿಸಿದ್ದರು. ಸಿನಿಮಾ ಯಾವುದು ಅಂತ ಕೇಳಿದಾಗ ಒಳಗೊಳಗೇ ಖುಷಿಯಾದದ್ದು ಬೇರೆ ಮಾತು. ಅಂದಿನಿಂದ ಸ್ಟ್ಯಾಂಡು ಅಟ್ಟದ ಮೇಲೆ.

ಬ್ಯಾಂಡ್‌ಸ್ಟ್ಯಾಂಡಿಗೆ ಮಾತ್ರ ನಾನು ಬೇಡ ಎಂದೆ. 2016ರ ಜನವರಿಯಲ್ಲಿ ಅಲ್ಲಿನ ಬಂಡೆಗಳ ಮೇಲೆ ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರು ನೀರಿಗೆ ಬಿದ್ದು, ಒಬ್ಬಳು ತೀರಿಕೊಂಡಳು. ಉಳಿಸಲು ಹಾರಿದ ವ್ಯಕ್ತಿಯೂ ಬದುಕಲಿಲ್ಲ. ಅದಾದ ಮೇಲೆ ಪೊಲೀಸರು ನಗರದ ಹಲವು ಜಾಗಗಳನ್ನು ಸೆಲ್ಫಿಗೆ ಅಪಾಯಕಾರಿ ಎಂದು ಗುರುತಿಸಿದರು. ಇಳಿತದಲ್ಲಿ ಒಣಗಿದಂತೆ ಕಾಣುವ ಬಂಡೆಯ ಮೇಲೆ ಪಾಚಿ ಇರುತ್ತದೆ. ಭರತ ಏರುವಾಗ ಹಿಂದಿನಿಂದ ಬರುವ ನೀರು ಎದುರು ನೋಡಿ ನಗುತ್ತಿರುವವರಿಗೆ ಗೊತ್ತಾಗುವುದಿಲ್ಲ. ಸೀರೆಯ ನೆರಿಗೆ ಒದ್ದೆಯಾದರೆ ಓಡಲಿಕ್ಕೂ ಆಗದು. ರೈಲು ಹಳಿಯ ಮೇಲಿನ ಫೋಟೋದ ಹುಚ್ಚೂ ಹಾಗೆಯೇ. ಹಳಿಗೆ ಇಳಿಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಕಾಯ್ದೆ ಹೋಗಲಿ, ನಮ್ಮ ಲೋಕಲ್ಲುಗಳು ಯಾರಿಗಾಗಿಯೂ ನಿಲ್ಲುವ ಪೈಕಿ ಅಲ್ಲ.

"ಹಾಗಾದರೆ ಶನಿವಾರ ಬೆಳಿಗ್ಗೆ ಏಳಕ್ಕೆ ಮರೀನ್ ಡ್ರೈವ್‌ಗೆ ಹೋಗುವ" ಎಂದು ತೀರ್ಮಾನವಾಯಿತು. ಹೋದೆವು. ಫೋಟೋ ಚೆನ್ನಾಗಿಯೇ ಬಂತು. ಐವರೂ ನಕ್ಕಿದ್ದಾರೆ, ಸೆರಗು ಇರಬೇಕಾದಲ್ಲಿ ಇದೆ, ಹಿಂದೆ ಮಂಜಿನಲ್ಲಿ ಮಲಬಾರ್ ಹಿಲ್ ತೇಲುತ್ತಿದೆ. ಮರಳುವಾಗ ಲೋಕಲ್ಲಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದೇ ನೋಡುತ್ತಾ ಹೋದೆ. ಕಡಲ ಬಳಿ ನಮ್ಮ ಪಕ್ಕದಲ್ಲೇ ಅಂದು ಬೇರೆ ಎಷ್ಟೋ ಶಾಲೆಯ ಮಕ್ಕಳು ಅದೇ ಕಟ್ಟೆಯ ಮೇಲೆ, ಅದೇ ಭಂಗಿಯಲ್ಲಿ ಕುಳಿತಿದ್ದರು. ಮುಖ ಬದಲಿಸಿದರೆ ಯಾರ ಫೋಟೋ ಯಾರದೂ ಆಗಬಹುದಿತ್ತು.

ಒಂದು ವಿಷಯ ಹೇಳಬೇಕು. ಬೇರೆ ಊರುಗಳಲ್ಲಿ ಫೋಟೋ ಹಳೆಯದಾಗುತ್ತ ಹೋದ ಹಾಗೆ ಮುಖ ಬದಲಾಗುತ್ತದೆ, ಹಿನ್ನೆಲೆ ಹಾಗೇ ಇರುತ್ತದೆ. ಕಾರ್ಕಳದ ಗೊಮ್ಮಟನ ಎದುರು ನನ್ನಜ್ಜ ತೆಗೆಸಿಕೊಂಡ ಫೋಟೋದಲ್ಲಿ ಅಜ್ಜ ಇಲ್ಲವಾಗಿದ್ದಾರೆ, ಗೊಮ್ಮಟ ಅಲ್ಲೇ ಇದ್ದಾನೆ. ಮುಂಬಯಿಯಲ್ಲಿ ಮೊದಲು ಮಾಯವಾಗುವುದು ಹಿನ್ನೆಲೆ. ಟ್ರಾಮು 1964ರ ಮಾರ್ಚಿಗೆ ನಿಂತಿತು. 1937ರಿಂದ ಓಡುತ್ತಿದ್ದ ಕೆಂಪು ಡಬ್ಬಲ್ ಡೆಕ್ಕರಿನ ಕೊನೆಯ ಹಳೇ ಡೀಸೆಲ್ ಬಸ್ಸು ಹೋದದ್ದು 2023ರ ಸೆಪ್ಟೆಂಬರಿನಲ್ಲಿ. ಮುಂದಿನ ತಿಂಗಳ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಆಯುಷ್ಯವೂ ಮುಗಿಯಿತು. ಈಗ ಕಾಲೇಜು ಮುಗಿಸುತ್ತಿರುವ ಮಕ್ಕಳ ಹಳೆಯ ಫೋಟೋಗಳ ಮೂಲೆಯಲ್ಲಿ ಇವೆರಡೂ ಇರುತ್ತವೆ, ಯಾರೂ ಬೇಕೆಂದು ತೆಗೆದದ್ದಲ್ಲ. ವರ್ಲಿ, ನಾಯ್‌ಗಾಂವ್‌ಗಳ ನೂರು ವರ್ಷದ ಬಿಡಿಡಿ ಚಾಳುಗಳನ್ನು ಒಡೆದು ಗೋಪುರ ಎಬ್ಬಿಸುತ್ತಿದ್ದಾರೆ. ಮಿಲ್ಲಿನ ಚಿಮಣಿ ನಿಂತಿದ್ದ ಕಡೆ ಮಾಲ್ ನಿಂತಿದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯ ಕೋಣೆಗಳಲ್ಲಿ ಬೆಂಚುಗಳು ಹೆಚ್ಚು, ಮಕ್ಕಳು ಕಡಿಮೆ. ಯಾರಾದರೂ ಕನ್ನಡ ಮಾಧ್ಯಮದಲ್ಲಿ ಇಲ್ಲಿ ಹತ್ತನೆಯ ಪರೀಕ್ಷೆ ಬರೆಯುತ್ತಿದ್ದರೆ, ಮರೀನ್ ಡ್ರೈವಿಗೆ ಹೋಗುವ ಮೊದಲು ತಮ್ಮ ಶಾಲೆಯ ಬೋರ್ಡಿನ ಕೆಳಗೆ ನಿಂತು ಒಂದು ತೆಗೆಸಿಕೊಂಡು ಬನ್ನಿ ಎಂದು ನಾನು ಕೈ ಮುಗಿದು ಕೇಳುತ್ತೇನೆ. ಕಡಲು ಎಲ್ಲಿಗೂ ಓಡುವುದಿಲ್ಲ.

ತಂಗಿಯ ಮನೆಗೂ ಇದೇ ಗಂಡಾಂತರ. ಅವಳಿರುವುದು ಎಪ್ಪತ್ತರ ದಶಕದ, ಗ್ರೌಂಡ್ ಪ್ಲಸ್ ತ್ರೀ, ಲಿಫ್ಟ್ ಇಲ್ಲದ ಸೊಸೈಟಿ. ರಿಡೆವಲಪ್‌ಮೆಂಟಿಗೆ ಸಹಿ ಆಗಿದೆ, ಪರೀಕ್ಷೆ ಮುಗಿದೊಡನೆ ಮನೆ ಖಾಲಿ. ಮೂರು ವರ್ಷಕ್ಕೆ ಹೊಸ ಫ್ಲಾಟ್ ಎಂದು ಬಿಲ್ಡರ್ ಹೇಳುತ್ತಾನೆ. ಬಿಲ್ಡರನ ಮೂರು ವರ್ಷಕ್ಕೆ ನಮ್ಮ ಪಂಚಾಂಗದಲ್ಲಿ ಎಷ್ಟು ವರ್ಷ ಎಂಬುದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಶನಿವಾರ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತಾ ತಂಗಿಯ ಮಗಳನ್ನು ಕೇಳಿದೆ. "ಹತ್ತು ವರ್ಷದಲ್ಲಿ ನೀನು ದಿನಾ ಹೆಚ್ಚು ಹೊತ್ತು ಇದ್ದದ್ದು ಎಲ್ಲಿ, ಹೇಳು ನೋಡುವ. ಮನೆ ಬಿಟ್ಟು."

"ಶಾಲೆ."

"ಶಾಲೆಯೂ ಬಿಟ್ಟು."

ಸ್ವಲ್ಪ ಯೋಚಿಸಿದಳು. "ಕೆಳಗಿನ ಮೆಟ್ಟಿಲು. ಅಮ್ಮ ಆಫೀಸಿನಿಂದ ಬರುವವರೆಗೆ ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಬೀಗದ ಕೈ ಕೊಟ್ಟದ್ದು ಆರನೇ ಕ್ಲಾಸಿನ ಮೇಲೆ ಅಲ್ವಾ."

ಆ ಮೆಟ್ಟಿಲಿನ ಬುಡ ನನಗೂ ಗೊತ್ತು. ಒಂದು ಕಡೆ ತಗಡಿನ ಟಪಾಲು ಪೆಟ್ಟಿಗೆಗಳ ಸಾಲು, ಅದರ ಮೇಲೆ ಮರದ ನಾಮಫಲಕ. ಹದಿನಾರು ಮನೆಗಳ ಹೆಸರನ್ನು ಬಿಳಿ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಶಾ, ಮೆಹ್ತಾ, ಕುಲಕರ್ಣಿ, ಅಯ್ಯರ್. ಹದಿನಾಲ್ಕನೆಯದು ಅವಳ ಅಜ್ಜನದ್ದು, ಎಂದರೆ ನನ್ನ ತಂಗಿಯ ಮಾವನವರದ್ದು. ಅವರು ಮಾಟುಂಗದ ಒಂದು ಊಟದ ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ಪೈಸೆ ಹೆಚ್ಚುಕಮ್ಮಿಯಾದರೆ ರಾತ್ರಿ ನಿದ್ದೆ ಮಾಡದ ಮನುಷ್ಯ. ಅಂಥವರ ‘ಭಟ್’ ಎಂಬುದನ್ನು ಪೇಂಟರ್ ‘ಎ’ ಬದಲು ‘ಯು’ ಹಾಕಿ ‘ಭುಟ್’ ಮಾಡಿದ್ದ. ಕಟ್ಟಡದ ಗುಜರಾತಿ ಮಕ್ಕಳ ಬಾಯಲ್ಲಿ ಅದು ‘ಭೂತ್ ಅಂಕಲ್’ ಆಯಿತು. ತಿದ್ದಿಸಬೇಕೆಂದು ಅವರು ಪ್ರತಿ ವರ್ಷದ ಸೊಸೈಟಿ ಸಭೆಯಲ್ಲೂ ಎದ್ದು ನಿಂತು ಹೇಳುತ್ತಿದ್ದರು, ಸೆಕ್ರೆಟರಿ ಬರೆದುಕೊಳ್ಳುತ್ತಿದ್ದ, ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಅವರು ತೀರಿಕೊಂಡು ಆರು ವರ್ಷವಾಯಿತು. ‘ಯು’ ಹಾಗೇ ಇದೆ.

ಮೆಟ್ಟಿಲಿನ ತಿರುವಿನಲ್ಲಿ ಸಿಮೆಂಟಿನ ಜಾಲಿ ಇದೆ, ಪೂರ್ವಕ್ಕೆ. ಬೆಳಿಗ್ಗೆ ಎಂಟೂಕಾಲಿನಿಂದ ಒಂದು ಇಪ್ಪತ್ತೈದು ನಿಮಿಷ ಅದರಿಂದ ಬಿಸಿಲು ಚೌಕಚೌಕವಾಗಿ ಕೆಳಗಿನ ಗೋಡೆಗೆ ಬೀಳುತ್ತದೆ. ಮರುದಿನ ಭಾನುವಾರ ಆ ಹೊತ್ತಿಗೆ ಸರಿಯಾಗಿ ಹೋದೆ. ವಾಚ್‌ಮನ್ ಎರಡು ಸ್ಕೂಟರು ಸರಿಸಿಕೊಟ್ಟ. ಇವಳು ಇಳಿದು ಬಂದದ್ದು ಸೀರೆಯಲ್ಲಿ ಅಲ್ಲ, ಯೂನಿಫಾರ್ಮಿನಲ್ಲಿ. ತಂಗಿ ಇಸ್ತ್ರಿ ಮಾಡಿಲ್ಲ ಅಂತ ಮೇಲಿನಿಂದ ಕೂಗುತ್ತಲೇ ಇದ್ದಳು. ಮೂರನೇ ಮೆಟ್ಟಿಲಿನಲ್ಲಿ, ಗೋಡೆಗೆ ಹೆಗಲು ಕೊಟ್ಟು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತಳು. ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಹಾಲಿನವನು ಕ್ರೇಟು ಹೊತ್ತು ಬಂದ. ಅವಳು ನೋಡದೆಯೇ ಕಾಲು ಮಡಚಿ ದಾರಿ ಬಿಟ್ಟಳು. ಅದು ನಿನ್ನೆಯ ಐವತ್ತು ಫೋಟೋಗಳಲ್ಲಿ ಒಂದರಲ್ಲೂ ಇರಲಿಲ್ಲ.

ಹತ್ತಿಪ್ಪತ್ತು ತೆಗೆದು ಕ್ಯಾಮೆರಾ ಅವಳ ಕೈಗೆ ಕೊಟ್ಟೆ. ಒಂದೊಂದೇ ಸರಿಸಿ ನೋಡಿದಳು, ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದಳು, ಹುಬ್ಬು ಗಂಟಿಕ್ಕಿದಳು. ಕಣ್ಣು ಮುಚ್ಚಿದೆಯೇನೋ ಎಂದುಕೊಂಡೆ. ಏನೂ ಹೇಳದೆ ಹೋಗಿ ಒಂದು ಮೆಟ್ಟಿಲು ಕೆಳಗೆ ಕುಳಿತು, ತಲೆ ಸ್ವಲ್ಪ ಬಲಕ್ಕೆ ವಾಲಿಸಿದಳು.

"ಈಗ ‘ಯು’ ಕಾಣ್ತದಾ ಮಾವ?"

"ಕಾಣ್ತದೆ."

"ಹಾಗಾದ್ರೆ ತೆಗೀರಿ, ಬೇಗ. ಬಿಸಿಲು ಹೋಗ್ತಾ ಉಂಟು."